ಡಿಸ್ಕೋದಲ್ಲಿ ನಮ್ಮನ್ನು ಕುಣಿಸುವುದು ಡ್ರಮ್ಸಾ, ಬೇಸ್ ಗಿಟಾರಾ?

ಮಂದ್ರ ತಂತಿ:

ಡಿಸ್ಕೋ ಅಂದರೆ ಡ್ರಮ್ಸ್ ಒಂದೇ ಸಮನೆ ಧಬ್ ಧಬ್ ಅಂತ ಬಡಿಯುವುದು, ಮಿಕ್ಕಿದ್ದೆಲ್ಲ ಮೇಲಿನ ಅಲಂಕಾರ ಅನ್ನುವ ಮಾತು ನಮ್ಮ ಈ ಚರ್ಚಾ ಗುಂಪಿನಲ್ಲಿ ಪದೇ ಪದೇ ಬರುತ್ತಿದೆ. ನನಗೆ ಇದು ಸುತರಾಂ ಒಪ್ಪಿಗೆ ಇಲ್ಲ. ಕಾಲು ತಾಳ ಹಾಕುವುದು ಡ್ರಮ್ಸಿಗೆ, ನಿಜ. ಆದರೆ ಸೊಂಟ ಅಲ್ಲಾಡುವುದು ಬೇಸ್ ಗಿಟಾರಿಗೆ, ಅಂದರೆ ಕೆಳಗಿನ ಸ್ವರಗಳನ್ನು ನುಡಿಸುವ ಗಿಟಾರಿಗೆ. ಯಾಕೆ ಅಂತ ಹೇಳುತ್ತೇನೆ. ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ.

ಡಿಸ್ಕೋದಲ್ಲಿ ಕಿಕ್ ಡ್ರಮ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ನಾಲ್ಕು ಎಣಿಕೆಗೂ ನಾಲ್ಕು ಪೆಟ್ಟು ಕೊಡುತ್ತದೆ. ಹಾಡು ಶುರುವಾದಾಗ ಹೇಗೋ ಮುಗಿಯುವಾಗಲೂ ಹೆಚ್ಚುಕಮ್ಮಿ ಹಾಗೇ. ಎರಡು ಪೆಟ್ಟಿನ ಮಧ್ಯೆ ಹೈ-ಹ್ಯಾಟ್ ಅನ್ನುವ ಜೋಡಿ ಲೋಹದ ತಟ್ಟೆ ಬಾಯಿ ತೆರೆದು 'ತ್ಸ್' ಅನ್ನುತ್ತದೆ. ಇದಕ್ಕೆ ಮುಂಚಿನ ಶೈಲಿಯಾದ ಫಂಕ್‌ನಲ್ಲಿ, ಅಂದರೆ ಜೇಮ್ಸ್ ಬ್ರೌನ್ ಥರದವರ ಹಾಡುಗಳಲ್ಲಿ, ಕಿಕ್ ಮತ್ತು ಬೇಸ್ ಒಂದರ ಸಂದಿಯಲ್ಲಿ ಇನ್ನೊಂದು ನುಗ್ಗಿಕೊಂಡು ಲೆಕ್ಕ ಕಟ್ಟುತ್ತಿದ್ದವು. ಡಿಸ್ಕೋ ಬಂದಾಗ ಕಾಲ ಹಿಡಿಯುವ ಹೊಣೆ ಪೂರ್ತಿ ಕಿಕ್ ಮೇಲೆ ಬಿತ್ತು. ಬೇಸ್ ನುಡಿಸುವವರಿಗೆ ಕೈ ಬಿಡುವಾಯಿತು. ಅವರು ಪೆಟ್ಟಿಗಿಂತ ಸ್ವಲ್ಪ ಮುಂಚೆ ಬರಬಹುದು, ತಡೆದು ಬರಬಹುದು, ಸುಮ್ಮನೆ ಇದ್ದುಬಿಡಬಹುದು, ಹಾಡುಗಾರರ ಕೆಳಗೆ ಇನ್ನೊಂದು ಹಾಡನ್ನೇ ಹಾಡಬಹುದು. ತಾಳ ಎಲ್ಲೂ ಬೀಳುವುದಿಲ್ಲ.

ಇದು ಗಟ್ಟಿಯಾಗಿದ್ದು ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ. ಕೆನ್ನೆತ್ ಗ್ಯಾಂಬಲ್, ಲಿಯೊನ್ ಹಫ್ ಜೋಡಿ ಅಲ್ಲಿ ಹಾಡು ಮಾಡಿಸುತ್ತಿದ್ದರು. ಡ್ರಮ್ಸ್‌ಗೆ ಅರ್ಲ್ ಯಂಗ್, ಬೇಸ್‌ಗೆ ರಾನಿ ಬೇಕರ್, ಗಿಟಾರ್‌ಗೆ ನಾರ್ಮನ್ ಹ್ಯಾರಿಸ್. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ತಂಡದ 'ದ ಲವ್ ಐ ಲಾಸ್ಟ್' ಬಂತು. ಡಿಸ್ಕೋ ತಾಳ ಅಲ್ಲಿಂದಲೇ ಶುರು ಅಂತ ಜಾಸ್ತಿ ಜನ ಅರ್ಲ್ ಯಂಗ್ ಹೆಸರು ಹೇಳುತ್ತಾರೆ. ಸರಿಯೇ. ಆದರೆ ಅದೇ ಹಾಡಿನಲ್ಲಿ ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿ ನೋಡಿ. ಡ್ರಮ್ಸ್ ನಿಂತಲ್ಲೇ ನಿಂತಿದೆ, ಬೇಸ್ ಊರೆಲ್ಲ ಸುತ್ತಿಬರುತ್ತದೆ.

ಇನ್ನು ನನ್ನ ದೇವರು ಬರ್ನಾರ್ಡ್ ಎಡ್ವರ್ಡ್ಸ್. ನ್ಯೂಯಾರ್ಕಿನ ಶಿಕ್ ತಂಡ. ಗಿಟಾರಿಗೆ ನೈಲ್ ರಾಜರ್ಸ್, ಡ್ರಮ್ಸ್‌ಗೆ ಟೋನಿ ಥಾಂಪ್ಸನ್. 1979ರ 'ಗುಡ್ ಟೈಮ್ಸ್' ಕೇಳದವರು ಯಾರೂ ಇಲ್ಲಿ ಇರಲಿಕ್ಕಿಲ್ಲ. ಒಂದೇ ಸ್ವರ ಮೂರು ಸಲ, ಕಿಕ್ ಜೊತೆಗೇ. ಆಮೇಲೆ ಒಂದು ತಡೆ. ಆ ತಡೆಯಿಂದ ಹೊರಟು ಮೇಲಕ್ಕೆ ಹತ್ತುವ ಓಟ. ಆ ಮೂರು ಸ್ವರಗಳನ್ನು ನುಡಿಸಲು ಕಲಿಯುವವರು ಯಾರಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ಪ್ರತಿ ಸ್ವರವನ್ನೂ ಎಲ್ಲಿ ಕತ್ತರಿಸಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವುದರಲ್ಲಿ ಇದೆ ಎಡ್ವರ್ಡ್ಸ್ ಕೈ. ಸ್ವರ ನಿಂತ ಜಾಗದಲ್ಲಿ ನಮ್ಮ ಮೈ ಮುಂದಕ್ಕೆ ಬಾಗುತ್ತದೆ, ಮುಂದಿನ ಸ್ವರ ಯಾವಾಗ ಬರುತ್ತದೋ ಅಂತ. ಕುಣಿತ ಅಲ್ಲಿ ಹುಟ್ಟುತ್ತದೆ ಅಂತ ನನ್ನ ನಂಬಿಕೆ.

ಅವರು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸದೆ, ಪಿಕ್ ಹಿಡಿದ ಹಾಗೆ ಬೆರಳು ಜೋಡಿಸಿಕೊಂಡು ತೋರುಬೆರಳನ್ನೇ ಮೇಲೆ ಕೆಳಗೆ ಬೀಸುತ್ತಿದ್ದರು. ಇದಕ್ಕೆ ಚಕಿಂಗ್ ಅನ್ನುತ್ತಾರೆ. 1977ರ 'ಎವ್ರಿಬಡಿ ಡ್ಯಾನ್ಸ್' ಕೇಳಿದರೆ ಈ ಬೀಸು ಎಷ್ಟು ಚುರುಕು ಅಂತ ಗೊತ್ತಾಗುತ್ತದೆ.

ಹಳೇ ರೆಕಾರ್ಡು:

ಒಳ್ಳೇ ವಿಷಯ ಎತ್ತಿದಿರಿ ಸರ್. ಇದಕ್ಕೆ ರೆಕಾರ್ಡಿನ ಕಡೆಯಿಂದ ಒಂದು ಮಾತು ಸೇರಿಸಬೇಕು. ಬೇಸ್ ನುಡಿಸಿದರೆ ಸಾಕಾಗಲ್ಲ, ಅದು ರೆಕಾರ್ಡಿನ ತಟ್ಟೆ ಮೇಲೆ ಕೂರಬೇಕು.

ಕೆಳಗಿನ ಸ್ವರಕ್ಕೆ ತಟ್ಟೆಯಲ್ಲಿ ಜಾಗ ಜಾಸ್ತಿ ಬೇಕು. ಸೂಜಿ ಓಡುವ ಗೆರೆ ಅಗಲವಾಗಿ ಓಲಾಡುತ್ತದೆ. 7 ಇಂಚಿನ ಚಿಕ್ಕ ತಟ್ಟೆಯಲ್ಲಿ ಆರು ನಿಮಿಷದ ಹಾಡು ತುರುಕಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಕೂರಿಸಬೇಕು, ಆಗ ಬೇಸ್ ತಗ್ಗಿಸದೆ ಬೇರೆ ದಾರಿಯೇ ಇಲ್ಲ. ಟಾಮ್ ಮೌಲ್ಟನ್ ಅಂತ ಒಬ್ಬರು ಹಾಡುಗಳನ್ನು ಕ್ಲಬ್ಬಿಗೋಸ್ಕರ ಉದ್ದ ಮಾಡಿ ಕೊಡುತ್ತಿದ್ದರು. ಒಂದು ದಿನ ತಟ್ಟೆಯ ಮೇಲೆ ಗೆರೆ ಕತ್ತರಿಸುವ ಕಡೆ 7 ಇಂಚಿನ ಖಾಲಿ ತಟ್ಟೆ ಮುಗಿದುಹೋಗಿತ್ತು. ಇದ್ದ ದೊಡ್ಡ ತಟ್ಟೆ ಮೇಲೆ, ಗೆರೆಗಳನ್ನು ಅಗಲ ಮಾಡಿ, ಸದ್ದು ಏರಿಸಿ ಕತ್ತರಿಸಿದರು. ಕೇಳಿ ನೋಡಿದರೆ ಹಾಡೇ ಬೇರೆ ಆಗಿತ್ತು. 12 ಇಂಚಿನ ಸಿಂಗಲ್ ಹುಟ್ಟಿದ್ದು ಹೀಗೆ. ಮೊದಲು ಡಿಜೆಗಳಿಗೆ ಮಾತ್ರ ಕೊಡುತ್ತಿದ್ದರು. 1976ರಲ್ಲಿ ಸಾಲ್‌ಸೋಲ್ ಕಂಪನಿ ಡಬಲ್ ಎಕ್ಸ್‌ಪೋಶರ್ ತಂಡದ 'ಟೆನ್ ಪರ್ಸೆಂಟ್' ಹಾಡನ್ನು ಅಂಗಡಿಯಲ್ಲಿ ಮಾರಾಟಕ್ಕೆ ಬಿಟ್ಟಿತು. ಅದನ್ನು ಉದ್ದ ಮಾಡಿ ಹೊಸದಾಗಿ ಮಿಕ್ಸ್ ಮಾಡಿದವರು ವಾಲ್ಟರ್ ಗಿಬ್ಬನ್ಸ್ ಅನ್ನುವ ಡಿಜೆ.

ಇನ್ನೊಂದು. ಉದ್ದದ ಹಾಡಿನ ಮಧ್ಯೆ ಎಲ್ಲ ವಾದ್ಯ ಬಿಟ್ಟುಹೋಗಿ ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿಯುವ ಭಾಗ ಇರುತ್ತದಲ್ಲ, ಅದು ಡಿಜೆಗಳಿಗೆ ಬಹಳ ಬೇಕಾಗಿತ್ತು. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸಲು ಅನುಕೂಲ. 'ಗುಡ್ ಟೈಮ್ಸ್' ಆಲ್ಬಂ ರೂಪದಲ್ಲಿ ಎಂಟು ನಿಮಿಷದ ಸುಮಾರಿಗೆ ಇದೆ. ರೇಡಿಯೋ ರೂಪ ಬಿಟ್ಟು ಅದನ್ನೇ ಕೇಳಿ.

ಎಡಗೈ ಮೃದಂಗ:

ನಾನು ಡಿಸ್ಕೋ ಕೇಳಿದ್ದು ಕಡಿಮೆ. ಆದರೆ ನೀವು ಹೇಳುವುದು ನಮಗೆ ಹೊಸದಲ್ಲ. ತಾಳ ನೆಟ್ಟಗೆ ನಿಂತಿದ್ದರೆ ಮಾತ್ರ ಎತ್ತುಗಡೆಯನ್ನು, ಅಂದರೆ ಹಾಡು ಶುರುವಾಗುವ ಜಾಗವನ್ನು, ಸಮ (ತಾಳದ ಮೊದಲ ಪೆಟ್ಟು) ಬಿಟ್ಟು ಅರ್ಧ ಅಕ್ಷರಕ್ಕೋ ಮುಕ್ಕಾಲಿಗೋ ಇಡಬಹುದು. ತಾಳವೇ ಅಲ್ಲಾಡಿದರೆ ಕೇಳುವವನಿಗೆ ಆ ರುಚಿ ಸಿಗಲ್ಲ. ನನ್ನ ಪ್ರಶ್ನೆ ಏನೆಂದರೆ, ಆ 'ಗುಡ್ ಟೈಮ್ಸ್' ಬೇಸ್ ಸಮದಿಂದಲೇ ಶುರುವಾಗುತ್ತದೆ ಅಂದಿರಿ. ಹಾಗಾದರೆ ಆಟ ಎಲ್ಲಿ?

ಮಂದ್ರ ತಂತಿ:

ಅಣ್ಣಾ, ಇದೇ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ. ಮೊದಲ ಮೂರು ಪೆಟ್ಟು ಸಮಕ್ಕೆ, ಎರಡಕ್ಕೆ, ಮೂರಕ್ಕೆ ನೇರವಾಗಿ ಬೀಳುತ್ತವೆ. ಕೇಳುವವನಿಗೆ ಭರವಸೆ ಕೊಟ್ಟ ಹಾಗೆ. ನಾಲ್ಕನೆಯದೂ ಹಾಗೇ ಬರುತ್ತದೆ ಅಂತ ಮೈ ಸಿದ್ಧವಾಗಿರುತ್ತದೆ. ಅದು ಬರುವುದಿಲ್ಲ. ಕಿಕ್ ಮಾತ್ರ ಬೀಳುತ್ತದೆ. ಬೇಸ್ ಆಮೇಲೆ ಸಂದಿಯಿಂದ ಎದ್ದು ಮೇಲೇರುತ್ತದೆ. ನೇರ ನಡೆದು ತೋರಿಸಿ ಆಮೇಲೆ ತಪ್ಪಿಸುವುದು, ಅಷ್ಟೇ. ಇದೇ ಮತ್ತೆ ಮತ್ತೆ ಮರಳಿ ಬರುತ್ತದೆ, ಆದರೂ ಬೇಸರ ಬರುವುದಿಲ್ಲ.

ಈ ಮೂರು ಪೆಟ್ಟು ಎಲ್ಲೆಲ್ಲಿಗೆ ಹೋಯಿತು ನೋಡಿ. ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್ ಇದೇ ಬೇಸ್ ಇಟ್ಟುಕೊಂಡು 'ರ್‍ಯಾಪರ್ಸ್ ಡಿಲೈಟ್' ಮಾಡಿದರು. ತಟ್ಟೆಯಿಂದ ಎತ್ತಿದ್ದಲ್ಲ, ಸ್ಟುಡಿಯೋದಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ನುಡಿಸಿದ್ದು. ಆಮೇಲೆ ಎಡ್ವರ್ಡ್ಸ್ ಮತ್ತು ರಾಜರ್ಸ್ ಹೆಸರನ್ನು ಅದರ ರಚನೆಕಾರರಾಗಿ ಸೇರಿಸಬೇಕಾಯಿತು. 1980ರಲ್ಲಿ ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದ ಡಸ್ಟ್'. ಅದರ ಬೇಸ್ ನುಡಿಸಿದ ಜಾನ್ ಡೀಕನ್ ಶಿಕ್ ತಂಡದವರ ಜೊತೆ ಸ್ಟುಡಿಯೋದಲ್ಲಿ ಕೂತು ಕೇಳಿದ್ದವರು. ಅಲ್ಲೂ ಮೂರು ಪೆಟ್ಟು, ಒಂದು ತಡೆ.

ಪಿಟೀಲಕ್ಕ:

ಸ್ವಲ್ಪ ನಿಲ್ಲಿ. ಎಲ್ಲ ಶ್ರೇಯಸ್ಸೂ ಬೇಸ್‌ಗೇ ಕೊಟ್ಟುಬಿಟ್ಟರೆ ಹೇಗೆ? ಫಿಲಡೆಲ್ಫಿಯಾ ಹಾಡುಗಳಿಂದ ಪಿಟೀಲು, ಕಹಳೆ ತೆಗೆದುಬಿಡಿ, ಏನು ಉಳಿಯುತ್ತದೆ? ಎಂ.ಎಫ್.ಎಸ್.ಬಿ. ಅನ್ನುವ ಆ ಸ್ಟುಡಿಯೋ ತಂಡದಲ್ಲಿ ಮೂವತ್ತಕ್ಕೂ ಜಾಸ್ತಿ ಜನ ಇದ್ದರು. 1974ರಲ್ಲಿ ಅವರ 'ಟಿ.ಎಸ್.ಒ.ಪಿ.' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರಲ್ಲಿ ಜನ ಗುನುಗುವುದು ಪಿಟೀಲಿನ ಸಾಲನ್ನು. ಬೇಸ್ ಸಾಲನ್ನು ಯಾರೂ ಗುನುಗುವುದಿಲ್ಲ. ನನಗಂತೂ ಆ ತೇಲುವಿಕೆ ಪಿಟೀಲಿನಿಂದಲೇ ಬರುತ್ತದೆ.

ಮಂದ್ರ ತಂತಿ:

ಅಕ್ಕಾ, 'ಟಿ.ಎಸ್.ಒ.ಪಿ.'ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಪಿಟೀಲು ಅಷ್ಟು ಉದ್ದುದ್ದ ಎಳೆದುಕೊಂಡು ತೇಲಲು ಆಗುವುದೇ ಕೆಳಗಡೆ ಬೇಸ್ ಓಡಾಡುತ್ತಿರುವುದರಿಂದ. ಎರಡೂ ಉದ್ದ ಎಳೆದರೆ ಹಾಡು ಮಲಗಿಬಿಡುತ್ತದೆ. ಗುನುಗುವ ವಿಷಯಕ್ಕೆ ಬಂದರೆ ಓ'ಜೇಸ್ ತಂಡದ 'ಫಾರ್ ದ ಲವ್ ಆಫ್ ಮನಿ' ಇದೆಯಲ್ಲ, 1973ರದು, ಅದೂ ಫಿಲಡೆಲ್ಫಿಯಾದ್ದೇ. ಆ ಹಾಡು ಶುರುವಾಗುವುದೇ ಬೇಸ್‌ನಿಂದ, ಜನ ಗುನುಗುವುದೂ ಅದನ್ನೇ. ಆಂಟನಿ ಜಾಕ್ಸನ್ ಪಿಕ್ ಹಿಡಿದು, ಫೇಸರ್ (ಸದ್ದನ್ನು ಸುಳಿಯ ಹಾಗೆ ತಿರುಗಿಸುವ ಸಾಧನ) ಹಾಕಿ ನುಡಿಸಿದ್ದು. ಗ್ಯಾಂಬಲ್, ಹಫ್ ಇಬ್ಬರ ಪಕ್ಕದಲ್ಲಿ ಮೂರನೇ ರಚನೆಕಾರರಾಗಿ ಅವರ ಹೆಸರೂ ಬಂತು. ಸ್ಟುಡಿಯೋದಲ್ಲಿ ದಿನಗೂಲಿಗೆ ನುಡಿಸುವವರಿಗೆ ಇದು ಸಿಗುವುದು ಅಪರೂಪ. ರಾನಿ ಬೇಕರ್ ಥರದವರು ನುಡಿಸಿದ ಎಷ್ಟೋ ಹಾಡುಗಳನ್ನು ಲೋಕವೆಲ್ಲ ಕೇಳಿತು, ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಬೇಕರ್, ಹ್ಯಾರಿಸ್, ಯಂಗ್ ಮೂವರೂ ಕೊನೆಗೆ ದುಡ್ಡಿನ ವಿಷಯದಲ್ಲಿ ಮನಸ್ತಾಪ ಬಂದು ಸಾಲ್‌ಸೋಲ್ ಕಡೆ ಹೋದರು. ನನಗೆ ಇದು ಇವತ್ತಿಗೂ ಬೇಜಾರಿನ ವಿಷಯ.

ಪಿಟೀಲಕ್ಕ:

ಹೆಸರು ಹಾಕದ ವಿಷಯದಲ್ಲಿ ನಿಮ್ಮ ಪಕ್ಷವೇ. ಪಿಟೀಲಿನವರ ಹೆಸರೂ ಯಾರಿಗೂ ಗೊತ್ತಿಲ್ಲ.

ಕೀಬೋರ್ಡ್ ಮೂಲೆ:

ಎಲ್ಲರೂ ಬೆರಳು, ತಂತಿ ಅಂತ ಮಾತಾಡುತ್ತಿದ್ದೀರಿ. 'ಐ ಫೀಲ್ ಲವ್' ಬಗ್ಗೆ ಯಾರೂ ಹೇಳಲೇ ಇಲ್ಲ! 1977, ಡೋನಾ ಸಮರ್ ಹಾಡಿದ್ದು, ಜಾರ್ಜಿಯೋ ಮೊರೋಡರ್ ಮತ್ತು ಪೀಟ್ ಬೆಲೊಟ್ ಮ್ಯೂನಿಕ್‌ನಲ್ಲಿ ಮಾಡಿದ್ದು. ಬೇಸ್ ಗಿಟಾರೇ ಇಲ್ಲ. ದೊಡ್ಡ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ), ಅದಕ್ಕೆ ಸ್ವರಗಳನ್ನು ತಾನೇ ಸಾಲಾಗಿ ನುಡಿಸುವ ಸೀಕ್ವೆನ್ಸರ್. ಒಂದೊಂದು ಸ್ವರವೂ ಯಂತ್ರ ನುಡಿಸಿದ್ದು. ಆ ಸ್ವರವನ್ನು ಒಂದು ಕಿವಿಗೆ ಕೊಟ್ಟು, ಅದರ ಪ್ರತಿಧ್ವನಿಯನ್ನು ಕ್ಷಣ ತಡೆದು ಇನ್ನೊಂದು ಕಿವಿಗೆ ಕೊಟ್ಟರು. ಹಾಗಾಗಿ ಕೇಳುವಾಗ ಇದ್ದದ್ದರ ಎರಡರಷ್ಟು ವೇಗದಲ್ಲಿ ಓಡಿದ ಹಾಗೆ ಅನಿಸುತ್ತದೆ. ಹೆಡ್‌ಫೋನಿನ ಒಂದು ಕಡೆ ಮಾತ್ರ ಇಟ್ಟು ಕೇಳಿ, ಗುಟ್ಟು ಬಯಲಾಗುತ್ತದೆ. ತಮಾಷೆ ಏನೆಂದರೆ ಅದರಲ್ಲಿ ಕಿಕ್ ಡ್ರಮ್ ಮಾತ್ರ ಮನುಷ್ಯರೇ ಹೊಡೆದದ್ದು, ಕೀತ್ ಫೋರ್ಸಿ ಅಂತ. ಈ ಹಾಡಿಗೆ ಜನ ಕುಣಿದರಲ್ಲ? ಎಡ್ವರ್ಡ್ಸ್ ಥರ ಬಿಡುವು, ತಡೆ ಏನೂ ಇಲ್ಲದೆ? ನಿಮ್ಮ ವಾದ ಇಲ್ಲಿ ನಿಲ್ಲುತ್ತದಾ ಗುರುಗಳೇ?

ಮಂದ್ರ ತಂತಿ:

ನಿಲ್ಲುತ್ತದೆ. ನೀವು ಹೇಳಿದ್ದರಲ್ಲೇ ಉತ್ತರ ಇದೆ. ಆ ಹಾಡಿನಿಂದ ಬೇಸ್ ತೆಗೆದುಬಿಟ್ಟರೆ ಒಂದು ಕಿಕ್, ಒಂದು ದನಿ, ಅಲ್ಲಲ್ಲಿ ಒಂದೆರಡು ಸದ್ದು ಅಷ್ಟೇ ಉಳಿಯುತ್ತದೆ. ಹಾಡೇ ಬೇಸ್. ಅಂದರೆ ನನ್ನ ಕಡೆಗೇ ಒಂದು ಸಾಕ್ಷಿ ಕೊಟ್ಟಿರಿ.

ಬಿಡುವಿನ ಮಾತು ಬೇರೆ. ಯಂತ್ರದ ಬೇಸ್‌ನಲ್ಲಿ ಒಂದು ಮೋಡಿ ಇದೆ, ಹೌದು. ಅದು ತಳ್ಳುತ್ತದೆ, ನಿಲ್ಲದೆ ತಳ್ಳುತ್ತದೆ, ಆಮೇಲೆ ಬಂದ ಹೌಸ್, ಟೆಕ್ನೋ ಅನ್ನುವ ಕುಣಿತದ ಸಂಗೀತವೆಲ್ಲ ಆ ದಾರಿಯಲ್ಲೇ ನಡೆದವು. ಆದರೆ 'ಐ ವಿಲ್ ಸರ್ವೈವ್' ತೆಗೆದುಕೊಳ್ಳಿ. 1978ರಲ್ಲಿ ಗ್ಲೋರಿಯಾ ಗೇನರ್ ಹಾಡಿದ್ದು, ಬೇಸ್ ಸ್ಕಾಟ್ ಎಡ್ವರ್ಡ್ಸ್. (ಬರ್ನಾರ್ಡ್ ಅಲ್ಲ, ಇವರು ಲಾಸ್ ಏಂಜಲೀಸ್ ಕಡೆಯವರು.) ಅದರಲ್ಲಿ ಒಂದೇ ಸರಣಿಯ ಸ್ವರಗುಚ್ಛಗಳು, ಅಂದರೆ ಕಾರ್ಡ್‌ಗಳು ಕೊನೆವರೆಗೂ ಸುತ್ತುತ್ತಲೇ ಇರುತ್ತವೆ. ಪಲ್ಲವಿಗೂ ಚರಣಕ್ಕೂ ಕಾರ್ಡ್ ಬದಲಾಗುವುದೇ ಇಲ್ಲ. ಆದರೂ ಅವಳ ಕೋಪ ಹಂತ ಹಂತವಾಗಿ ಏರಿದ ಹಾಗೆ ಕೇಳುತ್ತದೆ. ಬೇಸ್ ಪ್ರತಿ ಸುತ್ತಿನಲ್ಲೂ ಸ್ವಲ್ಪ ಬೇರೆ ಮಾತಾಡುವುದು ಅದಕ್ಕೊಂದು ಕಾರಣ. ಒಂದು ಸುತ್ತಿನಲ್ಲಿ ಸುಮ್ಮನಿದ್ದ ಜಾಗದಲ್ಲಿ ಮುಂದಿನ ಸುತ್ತಿನಲ್ಲಿ ಒಂದು ಜಿಗಿತ. ಹಾಡುವವಳ ಉಸಿರು ಕೇಳಿಕೊಂಡು ನುಡಿಸುವವರು ಮಾಡುವ ಕೆಲಸ ಅದು.

ಸೌಂಡ್ ಸಿಸ್ಟಮ್ ಮನೆ:

ನಾನು ಮದುವೆ, ಗಣೇಶ ಉತ್ಸವಕ್ಕೆ ಸೌಂಡ್ ಹಾಕುವವನು. ಇಲ್ಲಿ ಅರ್ಧ ಜನ ಮೊಬೈಲಿನಲ್ಲಿ ಕೇಳಿ ಅಭಿಪ್ರಾಯ ಹೇಳುತ್ತಿದ್ದಾರೆ ಅಂತ ನನ್ನ ಅನುಮಾನ. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರದ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಸುಮಾರು 41 ಹರ್ಟ್ಸ್. ಮೊಬೈಲ್ ಸ್ಪೀಕರ್ ಅದರ ಹತ್ತಿರವೂ ಬರುವುದಿಲ್ಲ. ಮೇಲಿನ ಸ್ವರಾಂಶ ಕೇಳಿ ನಮ್ಮ ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಕಿಕ್ಕಿನ ಟಪ್ ಟಪ್ ಮಾತ್ರ ಕೇಳಿ, ಡಿಸ್ಕೋ ಅಂದರೆ ಡ್ರಮ್ಸ್ ಅಂದುಕೊಳ್ಳುತ್ತಾರೆ.

ನಮ್ಮ ಕಡೆ ಸಬ್ (ಅತಿ ಕೆಳಗಿನ ಸದ್ದಿಗೆಂದೇ ಇಡುವ ದೊಡ್ಡ ಸ್ಪೀಕರ್) ಇಟ್ಟವರೆಲ್ಲ ಬೇಸ್ ಪೂರ್ತಿ ಏರಿಸಿಬಿಡುತ್ತಾರೆ. ಗೊಂಯ್ ಅನ್ನುತ್ತದೆಯೇ ಹೊರತು ಯಾವ ಸ್ವರ ಅಂತ ಗೊತ್ತಾಗಲ್ಲ. ಆಗ ಕಿಕ್ ಮತ್ತು ಬೇಸ್ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಶಿಕ್ ಹಾಡುಗಳನ್ನು ಒಳ್ಳೇ ಸಿಸ್ಟಮ್‌ನಲ್ಲಿ ಹಾಕಿದಾಗ ನನಗೆ ಆಶ್ಚರ್ಯ ಆಗುವುದು ಇದೇ: ಎರಡೂ ಬೇರೆ ಬೇರೆ ಕೇಳುತ್ತವೆ. ಸ್ವರ ಗಿಡ್ಡ, ಹಾಗಾಗಿ ಕಿಕ್‌ಗೆ ಜಾಗ ಉಳಿಯುತ್ತದೆ. ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್ ಕ್ಲಬ್ಬಿಗೆ ರಿಚರ್ಡ್ ಲಾಂಗ್ ಕಟ್ಟಿಕೊಟ್ಟ ಸಿಸ್ಟಮ್ ಬಗ್ಗೆ ನಮ್ಮ ಕೆಲಸದವರು ಇವತ್ತಿಗೂ ಮಾತಾಡುತ್ತಾರೆ. ಅಲ್ಲಿಯ ಡಿಜೆ ಲ್ಯಾರಿ ಲೆವಾನ್ ಹೆಸರನ್ನೇ ಅಲ್ಲಿದ್ದ ಸಬ್ ಬಾಕ್ಸ್‌ಗಳಿಗೆ ಇಟ್ಟಿದ್ದರು. ಬೇಸ್‌ಗೋಸ್ಕರ ಅಷ್ಟು ಕಷ್ಟಪಟ್ಟವರು ಸುಮ್ನೆ ಪಡಲಿಲ್ಲ ಅಲ್ವಾ?

ಕೊಡಗಿನ ಕಿವಿ:

ನಮ್ಮವರ ಹೆಸರೇ ಬಂದಿಲ್ಲವಲ್ಲ! ಬಿಡ್ಡು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಲ್ಲಿ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದವರು ಇಂಗ್ಲೆಂಡಿಗೆ ಹೋದರು. 1974ರ 'ಕುಂಗ್ ಫೂ ಫೈಟಿಂಗ್' ಅವರು ಮಾಡಿಸಿದ್ದು, ಹಾಡಿದ್ದು ಕಾರ್ಲ್ ಡಗ್ಲಸ್. ತಟ್ಟೆಯ ಹಿಂಬದಿಗೆ ಅಂತ ಅವಸರದಲ್ಲಿ ಮುದ್ರಿಸಿದ ಹಾಡು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಮತ್ತೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ. ಆಮೇಲೆ 1980ರಲ್ಲಿ ನಾಜಿಯಾ ಹಸನ್ ದನಿಯಲ್ಲಿ 'ಆಪ್ ಜೈಸಾ ಕೋಯಿ'. ನಮ್ಮ ದೇಶಕ್ಕೆ ಡಿಸ್ಕೋ ಮನೆಮನೆಗೆ ಬಂದಿದ್ದು ಆ ಹಾಡಿನಿಂದ ಅಂದರೆ ಜಾಸ್ತಿ ಆಗಲಿಕ್ಕಿಲ್ಲ. ಡಿಸ್ಕೋ ಚರಿತ್ರೆ ಹೇಳುವಾಗ ಫಿಲಡೆಲ್ಫಿಯಾ, ನ್ಯೂಯಾರ್ಕ್, ಮ್ಯೂನಿಕ್ ಅನ್ನುತ್ತೇವೆ, ಲಂಡನ್ನಿನಲ್ಲಿ ಕೂತ ಒಬ್ಬ ಬೆಂಗಳೂರಿನವರನ್ನೂ ಸೇರಿಸಿ.

ಹಳೇ ರೆಕಾರ್ಡು:

ಖಂಡಿತ ಸೇರಿಸಬೇಕು. ಕನ್ನಡದಲ್ಲಿ ಅಂದರೆ 1981ರ 'ಗೀತಾ' ಚಿತ್ರದ 'ಸಂತೋಷಕ್ಕೆ'. ಇಳಯರಾಜ. ಶಂಕರ್‌ನಾಗ್ ಕುಣಿತ ನೋಡುತ್ತಾ ಬೇಸ್ ಕೇಳುವುದನ್ನು ಮರೆಯುತ್ತೇವೆ. ಒಮ್ಮೆ ಕಣ್ಣು ಮುಚ್ಚಿ ಕೇಳಿ.

ಎಡಗೈ ಮೃದಂಗ:

ಡಿಸ್ಕೋ 1979ರಲ್ಲಿ ಸತ್ತುಹೋಯಿತು ಅಂತ ಎಲ್ಲೋ ಓದಿದ್ದೆ. ಶಿಕಾಗೋದಲ್ಲಿ ರೆಕಾರ್ಡ್ ಸುಟ್ಟರಂತೆ?

ಹಳೇ ರೆಕಾರ್ಡು:

ಹೌದು, 1979ರ ಜುಲೈ 12, ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೇ ಪಂದ್ಯವೇ ನಡೆಯಲಿಲ್ಲ. ಡಿಸ್ಕೋ ಕರಿಯರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ ಬೆಳೆದ ಸಂಗೀತ. ಆ ರಾತ್ರಿಯ ಸಿಟ್ಟು ಬರೀ ಸಂಗೀತದ ಮೇಲಿನ ಸಿಟ್ಟು ಅಂತ ನನಗೆ ಅನಿಸುವುದಿಲ್ಲ. ಆದರೆ 'ಗುಡ್ ಟೈಮ್ಸ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು ಅದಾದ ಮುಂದಿನ ತಿಂಗಳು, ಆಗಸ್ಟ್‌ನಲ್ಲಿ. ಡಿಸ್ಕೋ ಅನ್ನುವ ಹೆಸರು ಅಂಗಡಿಯಿಂದ ಹೋಯಿತು, ಬೇಸ್ ಹೋಗಲಿಲ್ಲ. ಮುಂದಿನ ವರ್ಷ ಎಡ್ವರ್ಡ್ಸ್, ರಾಜರ್ಸ್ ಇಬ್ಬರೂ ಡಯಾನಾ ರಾಸ್‌ಗೆ 'ಅಪ್‌ಸೈಡ್ ಡೌನ್' ಮಾಡಿಕೊಟ್ಟರು. ಅದೂ ಮೊದಲ ಸ್ಥಾನ.

ಹೊಸ ಬೆರಳು:

ಸರ್, ನಾನು ಬೇಸ್ ಕಲಿಯಲು ಈಗಷ್ಟೇ ಶುರು ಮಾಡಿದ್ದೇನೆ. ಡಿಸ್ಕೋ ಅಂದರೆ ಕೆಳಗಿನ ಸ್ವರ, ಮೇಲಿನ ಸ್ವರ ಹಾರಿ ಹಾರಿ ನುಡಿಸುವುದು ಅಂತ ಮೇಷ್ಟ್ರು ಹೇಳಿಕೊಟ್ಟರು. ನುಡಿಸಿದರೆ ಸೈಕಲ್ ಪಂಪ್ ಹೊಡೆದ ಹಾಗೆ ಕೇಳುತ್ತದೆ. ಏನು ಮಾಡಲಿ? ಸ್ಲ್ಯಾಪ್ ಮಾಡಬೇಕಾ, ಅಂದರೆ ಹೆಬ್ಬೆರಳಿನಿಂದ ತಂತಿಗೆ ಹೊಡೆಯಬೇಕಾ?

ಮಂದ್ರ ತಂತಿ:

ಸ್ಲ್ಯಾಪ್ ಈಗಲೇ ಬೇಡ ತಮ್ಮಾ. ಅದರಲ್ಲಿ ಲೂಯಿಸ್ ಜಾನ್ಸನ್ ಅಂಥವರು ದೊಡ್ಡವರು, ಮೈಕಲ್ ಜಾಕ್ಸನ್‌ನ 1979ರ 'ಡೋಂಟ್ ಸ್ಟಾಪ್ ಟಿಲ್ ಯು ಗೆಟ್ ಇನಫ್' ಬೇಸ್ ಅವರದೇ. ಆ ಹಾದಿ ಬೇರೆ, ನಿಧಾನಕ್ಕೆ ಹೋಗಬಹುದು.

ನಿಮ್ಮ ಮೇಷ್ಟ್ರು ಹೇಳಿದ ಆಕ್ಟೇವ್ ವಿಷಯಕ್ಕೆ ಬರೋಣ. ಎಡಗೈ ತೋರುಬೆರಳು ದಪ್ಪ ತಂತಿಯ ಮೂರನೇ ಫ್ರೆಟ್ (ಗಿಟಾರಿನ ಕುತ್ತಿಗೆಗೆ ಅಡ್ಡ ಇರುವ ಲೋಹದ ಪಟ್ಟಿ) ಮೇಲೆ, ಕಿರುಬೆರಳು ಮಧ್ಯೆ ಒಂದು ತಂತಿ ಬಿಟ್ಟು ಅದರಾಚೆಯ ತಂತಿಯ ಐದನೇ ಫ್ರೆಟ್ ಮೇಲೆ. ಕೆಳಗಿನ ಸ, ಮೇಲಿನ ಸ. ಮಧ್ಯದ ತಂತಿಗೆ ತೋರುಬೆರಳಿನ ಹೊಟ್ಟೆ ಸುಮ್ಮನೆ ತಾಗಿರಲಿ, ಅದು ಗುಂಯ್‌ಗುಡಬಾರದು. ಬಲಗೈಯಲ್ಲಿ ಕೆಳಗಿನದಕ್ಕೆ ತೋರುಬೆರಳು, ಮೇಲಿನದಕ್ಕೆ ಮಧ್ಯದ ಬೆರಳು.

ಪಂಪ್ ಥರ ಕೇಳುವುದು ಎರಡೂ ಸ್ವರ ಒಂದೇ ಉದ್ದ, ಒಂದೇ ಜೋರು ಇರುವುದರಿಂದ. ಕೆಳಗಿನದು ಕಿಕ್ ಜೊತೆ ಬೀಳುತ್ತದೆ, ಅದಕ್ಕೆ ತೂಕ ಇರಲಿ, ಸ್ವಲ್ಪ ಉದ್ದ ಬಿಡಿ. ಮೇಲಿನದು ಹೈ-ಹ್ಯಾಟ್ ಜೊತೆ ಬರುತ್ತದೆ, ಅದನ್ನು ಮೀಟಿದ ತಕ್ಷಣ ಎಡಗೈ ಒತ್ತಡ ಸಡಿಲ ಮಾಡಿ ಕತ್ತರಿಸಿ. ಬೆರಳು ತಂತಿಯಿಂದ ಎತ್ತಬೇಡಿ, ಸಡಿಲ ಮಾಡಿದರೆ ಸಾಕು. ಇದು ಕೈಗೆ ಬಂದ ಮೇಲೆ ಬೇಕೆಂದೇ ಒಂದೊಂದು ಸ್ವರ ಬಿಟ್ಟು ನುಡಿಸಿ. ಮೊದಲ ಆವರ್ತದಲ್ಲಿ ನಾಲ್ಕನೇ ಕೆಳಗಿನ ಸ್ವರ ಬಿಡಿ, ಮುಂದಿನದರಲ್ಲಿ ಎರಡನೆಯದು ಬಿಡಿ. ಬಿಟ್ಟ ಜಾಗದಲ್ಲಿ ಕಾಲು ನಿಲ್ಲಬಾರದು.

ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) 100ಕ್ಕೆ ಇಟ್ಟುಕೊಳ್ಳಿ, ಆದರೆ ಟಿಕ್ ಶಬ್ದವನ್ನು ಕಿಕ್ ಅಂತ ಎಣಿಸಬೇಡಿ, ಹೈ-ಹ್ಯಾಟ್ ಅಂತ ಎಣಿಸಿ. ಅಂದರೆ ಟಿಕ್ ಬಿದ್ದಾಗ ಮೇಲಿನ ಸ್ವರ, ಕೆಳಗಿನ ಸ್ವರಕ್ಕೆ ಏನೂ ಆಸರೆ ಇಲ್ಲ. ಮೊದಲು ಜಾರಿ ಹೋಗುತ್ತದೆ, ಬಿಡದೆ ಮಾಡಿ. ಕೈ ಕೂತ ಮೇಲೆ ಸಿಸ್ಟರ್ ಸ್ಲೆಡ್ಜ್ ತಂಡದ 'ವಿ ಆರ್ ಫ್ಯಾಮಿಲಿ' ಹಾಕಿಕೊಂಡು ಜೊತೆಯಲ್ಲಿ ನುಡಿಸಿ. ಅದೂ ಬರ್ನಾರ್ಡ್ ಎಡ್ವರ್ಡ್ಸ್ ಅವರದೇ. ಎಲ್ಲಿ ತೊಡಕಾಗುತ್ತದೋ ಆ ಜಾಗದ ನಿಮಿಷ, ಸೆಕೆಂಡು ಬರೆದು ಇಲ್ಲಿ ಹಾಕಿ, ಬಿಡಿಸಿ ಹೇಳುತ್ತೇನೆ.